ಬಾದಾಮಿ ಸೀಮೆಯ ಕೆರೆಗಳು: ಮಣ್ಣು ಹೊತ್ತವರ ಸ್ಮರಣೆ

ದೇವಾಲಯವೊಂದರ ಶತಮಾನೋತ್ಸವದ ಸ್ಮರಣಸಂಚಿಕೆಯಲ್ಲಿ ಕೆರೆಯ ಏರಿಯನ್ನು ಕುರಿತ ಲೇಖನಕ್ಕೇನು ಸ್ಥಾನವೆಂದು ವಾಚಕರು ಕೇಳಿದರೆ ಅದು ಸಹಜವಾದ ಪ್ರಶ್ನೆಯೇ ಸರಿ. ಸೇವೆ ಸಲ್ಲಿಸಿದ ಗುರುವರ್ಯರ ನಾಮಾವಳಿ, ಕನ್ಯಾಸ್ತ್ರೀಯರ ಸೇವಾವೃತ್ತಾಂತ, ದಾನಿಗಳ ಪಟ್ಟಿ, ಹಳೆಯ ಭಾವಚಿತ್ರಗಳು, ಇವು ಇಂತಹ ಸಂಚಿಕೆಗಳಲ್ಲಿ ಇರತಕ್ಕವು, ಇರಲೇಬೇಕಾದವು. ಆದರೆ ಪೀಠದ ಮೇಲೆ ಅರ್ಪಿತವಾಗುವ ರೊಟ್ಟಿ ಹೊಲದಿಂದ ಬಂದುದು. ದ್ರಾಕ್ಷಾರಸಕ್ಕೆ ಗುರುಗಳು ಬೆರೆಸುವ ಒಂದೆರಡು ತೊಟ್ಟು ನೀರಿಗೂ, ಕೂಸಿನ ತಲೆಯ ಮೇಲೆ ಸುರಿಯುವ ಜ್ಞಾನಸ್ನಾನದ ನೀರಿಗೂ ಒಂದು ಮೂಲವಿದೆ. ಬಾದಾಮಿ, ಹುನಗುಂದ, ಬಾಗಲಕೋಟೆಗಳ ಈ ಸೀಮೆಯಲ್ಲಿ ನೀರು ತಾನಾಗಿ ನಿಲ್ಲುವ ವಸ್ತುವಲ್ಲ. ಯಾರಾದರೂ ಹಿಡಿದು ನಿಲ್ಲಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಹಾಗೆ ಹಿಡಿದು ನಿಲ್ಲಿಸಿದವರು ಯಾರು, ಹೇಗೆ ನಿಲ್ಲಿಸಿದರು, ಅವರಿಗೆ ದೊರೆತುದೇನು ಎಂಬುದನ್ನು ನೆನೆಯದೆ ನಮ್ಮ ಪೂರ್ವಜರ ನೂರು ವರ್ಷಗಳ ಕಥೆಯನ್ನು ಹೇಳಿದರೆ ಅದು ಅರೆಕಥೆಯಾದೀತೆಂದು ನಾವು ಭಾವಿಸುತ್ತೇವೆ.

ಮೊದಲು ನೆಲದ ಸ್ವರೂಪವನ್ನು ಗಮನಿಸೋಣ. ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಇಪ್ಪತ್ತೆರಡು ಅಂಗುಲ ಮಾತ್ರ. ಅದೂ ಹದವರಿತು ಬರುವುದಿಲ್ಲ. ಮೃಗಶಿರ, ಆರಿದ್ರೆಗಳು ಒಣಗಿಹೋಗಿ, ಉತ್ತರೆ, ಹಸ್ತೆಗಳಲ್ಲಿ ಎರಡು ತಾಸಿನೊಳಗೆ ಹಳ್ಳಗಳು ದಂಡೆ ಮೀರಿ ಹರಿದು, ಮರುದಿನ ಅದೇ ಹಳ್ಳದ ಉಸುಕಿನಲ್ಲಿ ದನಗಳು ಬಾಯಾರಿ ನಿಲ್ಲುವುದನ್ನು ಕಾಣದವರು ಇಲ್ಲಿ ಯಾರಿದ್ದಾರೆ? ಕರಾವಳಿಯಿಂದ ಬಂದು ಈ ಸೀಮೆಯಲ್ಲಿ ನೆಲೆಸಿದ ಕಥೋಲಿಕ ಕುಟುಂಬಗಳಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿದಿದೆ. ಸೆಪ್ಟೆಂಬರ್ 8ರಂದು ಕನ್ಯಾಮರಿಯಮ್ಮನವರ ಜನ್ಮೋತ್ಸವದ ದಿನ ಮಂಗಳೂರಿನ ಕಡೆ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದೇ ದಿನ ನಮ್ಮ ಎರೆಹೊಲಗಳು ಬರಿದಾಗಿ, ಹಿಂಗಾರಿ ಜೋಳದ ಬಿತ್ತಿಗೆಗೆ ಹದಮಳೆಯನ್ನು ಕಾಯುತ್ತ ಬಿದ್ದಿರುತ್ತವೆ. ಒಂದೇ ಹಬ್ಬ, ಒಂದೇ ಪ್ರಾರ್ಥನೆ. ಅಲ್ಲಿ ಕೃತಜ್ಞತೆ, ಇಲ್ಲಿ ಬೇಡಿಕೆ.

ಇಂತಹ ನೆಲದಲ್ಲಿ ಬದುಕಬೇಕಾದವರಿಗೆ ಒಂದೇ ಉಪಾಯ. ಎರಡು ಗುಡ್ಡಗಳ ನಡುವೆ, ಅಥವಾ ಹಳ್ಳದ ಅಡ್ಡಲಾಗಿ ತಗ್ಗಿನ ಬಾಯಿಗೆ, ಮಣ್ಣಿನ ಒಡ್ಡು ಹಾಕಿ ಓಡುವ ನೀರನ್ನು ತಡೆಯುವುದು. ಅದರ ಅತ್ಯಂತ ಪ್ರಸಿದ್ಧವಾದ ಉದಾಹರಣೆ ಬಾದಾಮಿಯ ಊರೊಳಗೇ ಇದೆ. ಅಗಸ್ತ್ಯತೀರ್ಥವೆಂದು ಹೆಸರಾದ ಆ ಕೆರೆಯನ್ನು ನೋಡದೆ ಯಾವ ಪ್ರವಾಸಿಯೂ ಹಿಂದಿರುಗುವುದಿಲ್ಲ; ಆದರೆ ಅದನ್ನು ಕೆರೆಯೆಂದು ನೋಡುವವರು ವಿರಳ. ಗುಹೆಗಳ ಮುಂದಣ ಅಲಂಕಾರವೆಂದೋ, ಛಾಯಾಚಿತ್ರಕ್ಕೆ ಒಪ್ಪುವ ಹಿನ್ನೆಲೆಯೆಂದೋ ನೋಡಿ ಹೋಗುತ್ತಾರೆ. ದಕ್ಷಿಣಕ್ಕೊಂದು, ಉತ್ತರಕ್ಕೊಂದು ಕೆಂಪು ಮರಳುಗಲ್ಲಿನ ಗುಡ್ಡ. ಪೂರ್ವಕ್ಕೆ ಬಂಡೆಗಳ ಗೋಡೆ. ಪಶ್ಚಿಮಕ್ಕೆ ಮಾತ್ರ ತೆರೆದ ಬಾಯಿ. ಆ ಬಾಯಿಗೆ ಅಡ್ಡಲಾಗಿ ಕಲ್ಲು ಹೊದಿಸಿದ ಏರಿ ಎದ್ದಿದೆ, ಏರಿಯ ಆಚೆಗೆ ಊರು ಕುಳಿತಿದೆ. ಮಳೆಗಾಲದಲ್ಲಿ ಅಕ್ಕ-ತಂಗಿಯೆಂಬ ಜೋಡಿ ಜಲಧಾರೆಗಳು ಬಂಡೆಯ ತಲೆಯಿಂದ ಧುಮುಕಿ ಈ ಕೆರೆಯನ್ನು ಸೇರುತ್ತವೆ. ಪೂರ್ವದ ಅಂಚಿನಲ್ಲಿ ಭೂತನಾಥನ ಗುಡಿಗಳು ನೀರಿಗೆ ಮುಖಮಾಡಿ ನಿಂತಿವೆ. ನಿಸರ್ಗವೇ ಮೂರು ಗೋಡೆಗಳನ್ನು ಕಟ್ಟಿಕೊಟ್ಟ ಸ್ಥಳದಲ್ಲಿ ಮನುಷ್ಯ ನಾಲ್ಕನೆಯದನ್ನು ಕಟ್ಟಿದನು. ಸ್ಥಳವನ್ನು ಆರಿಸಿದ ಆ ಕಣ್ಣು ಸಾಮಾನ್ಯದ್ದಲ್ಲ.

ಚಾಲುಕ್ಯರು ಇಲ್ಲಿ ರಾಜಧಾನಿಯನ್ನು ಸ್ಥಾಪಿಸಿದುದಕ್ಕೂ ಈ ನೀರಿನ ಅನುಕೂಲಕ್ಕೂ ಸಂಬಂಧವಿರಲೇಬೇಕು. ನೀರಿಲ್ಲದ ಕೋಟೆಯನ್ನು ಮುತ್ತಿಗೆ ಹಾಕುವ ಶ್ರಮವೂ ಶತ್ರುವಿಗೆ ಬೇಕಿಲ್ಲ. ಒಂದನೆಯ ಪುಲಕೇಶಿಯು ವಾತಾಪಿಯ ಬೆಟ್ಟವನ್ನು ಕೋಟೆಯಾಗಿಸಿದ ಸಂಗತಿಯನ್ನು ಶಕ ವರ್ಷ 465ರ, ಎಂದರೆ ಕ್ರಿ.ಶ. 543ರ, ಬಂಡೆಶಾಸನ ಹೇಳುತ್ತದೆ. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನ ಕ್ರಿ.ಶ. 578ಕ್ಕೆ ಸೇರಿದ್ದು. ಅದೇ ಗುಹೆಯ ಬಳಿ ಕನ್ನಡದಲ್ಲಿರುವ ಮಂಗಳೇಶನ ಇನ್ನೊಂದು ಚಿಕ್ಕ ಬರಹದಲ್ಲಿ ದೇವರಿಗೆ ಹೂಮಾಲೆ ಕಟ್ಟುವವರಿಗೆ ಬಿಟ್ಟ ದತ್ತಿಯ ಮಾತಿದೆ. ಕೆರೆಯ ಈಶಾನ್ಯದ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿಗೆ ಕೊರೆದ ಕಪ್ಪೆ ಅರಭಟ್ಟನ ಶಾಸನ ಕನ್ನಡ ತ್ರಿಪದಿಯ ಅತ್ಯಂತ ಹಳೆಯ ರೂಪವನ್ನು ಉಳಿಸಿಕೊಟ್ಟಿದೆ. ಅರಸನ ಹೆಸರು ಉಳಿಯಿತು, ವೀರನ ಹೆಸರು ಉಳಿಯಿತು, ಮಾಲೆಗಾರರೂ ಒಂದು ವರ್ಗವಾಗಿ ನೆನಪಿನಲ್ಲಿ ಉಳಿದರು. ಅದೇ ಕೆರೆಯ ಏರಿಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದವರು ಮಾತ್ರ ಆ ಬಂಡೆಗಳ ಮೇಲೆ ಎಲ್ಲಿಯೂ ಸ್ಥಾನ ಪಡೆಯಲಿಲ್ಲ.

ಮಣ್ಣಿನ ಏರಿಯೆಂದರೆ ರಾಶಿ ಹಾಕಿದ ಮಣ್ಣೆಂದು ತಿಳಿಯಬಾರದು. ಅದರಲ್ಲಿ ಒಂದು ಶಾಸ್ತ್ರವಿದೆ. ಆ ಶಾಸ್ತ್ರವನ್ನು ಬಲ್ಲವರು ಗ್ರಂಥ ಬರೆಯಲಿಲ್ಲ, ಏರಿಯನ್ನೇ ಕಟ್ಟಿದರು. ನಮ್ಮ ಸೀಮೆಯ ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಹೆಣೆದುಕೊಂಡು, ಒಂದು ಹನಿಯೂ ಆಚೆ ನುಸುಳದಂತೆ ಬಿಗಿಯುತ್ತದೆ. ಆದರೆ ಬೇಸಗೆಯಲ್ಲಿ ಅದೇ ಮಣ್ಣು ಒಣಗಿ ಅಂಗೈಯಗಲದ ಬಿರುಕು ಬಿಡುತ್ತದೆ. ಆದುದರಿಂದ ಎರೆಯನ್ನು ಹೊರಗೆ ಬಿಸಿಲಿಗೆ ಒಡ್ಡುವಂತಿಲ್ಲ. ಅದನ್ನು ಏರಿಯ ಗರ್ಭದಲ್ಲಿ ಗೋಡೆಯಂತೆ ಎಬ್ಬಿಸಿ, ಎರಡೂ ಮಗ್ಗುಲಿಗೆ ಗರಸು ಮಿಶ್ರಿತ ಮಸಾರಿ ಮಣ್ಣನ್ನು ಹೊದಿಸಬೇಕು. ಮಣ್ಣನ್ನು ಒಮ್ಮೆಗೇ ಸುರಿಯುವಂತಿಲ್ಲ. ಗೇಣುದ್ದ ಹರಡಿ, ನೀರು ಚಿಮುಕಿಸಿ, ದನಗಳನ್ನೂ ಮನುಷ್ಯರನ್ನೂ ಅದರ ಮೇಲೆ ನಡೆಸಿ ತುಳಿಸಿ, ಆಮೇಲೆ ಮತ್ತೊಂದು ಗೇಣು. ನೀರಿನ ಕಡೆಯ ಇಳಿಜಾರು ಹೆಚ್ಚು ಓರೆಯಾಗಿರಬೇಕು. ಒಂದಡಿ ಎತ್ತರಕ್ಕೆ ಒಳಗಡೆ ಮೂರಡಿ, ಹೊರಗಡೆ ಎರಡಡಿ ಬಿಡುವುದು ಇಂದಿನ ಇಂಜಿನಿಯರರೂ ಸಾಮಾನ್ಯವಾಗಿ ಒಪ್ಪಿದ ಲೆಕ್ಕ. ಅಲೆಗಳು ಬಡಿದು ಮಣ್ಣು ಕೊರೆಯದಂತೆ ಒಳಮೈಗೆ ಕಲ್ಲಿನ ಹೊದಿಕೆ.

ಇಷ್ಟು ಮಾಡಿದರೂ ಏರಿಯ ಪ್ರಾಣವಿರುವುದು ಕೋಡಿಯಲ್ಲಿ. ಕಲ್ಲಿನ ಕಟ್ಟೆಯ ತಲೆಯ ಮೇಲೆ ನೀರು ಹರಿದರೆ ಅದು ಬಹುಶಃ ತಾಳೀತು; ಮಣ್ಣಿನ ಏರಿಯ ತಲೆಯ ಮೇಲೆ ಹರಿದರೆ ಏರಿ ಉಳಿಯುವುದಿಲ್ಲ. ಮೊದಲು ಒಂದು ಸಣ್ಣ ಸೀಳು, ಸ್ವಲ್ಪ ಹೊತ್ತಿಗೆ ಒಂದು ಬಂಡಿ ಹಾಯುವಷ್ಟು ಕಂದಕ, ಬೆಳಗಾಗುವಷ್ಟರಲ್ಲಿ ಕೆರೆಯೇ ಇಲ್ಲ, ಕೆಳಗಿನ ಹೊಲಗಳ ಮೇಲ್ಮಣ್ಣೂ ಇಲ್ಲ. ಆದುದರಿಂದ ಏರಿಗಿಂತ ತಗ್ಗಿನಲ್ಲಿ, ಗಟ್ಟಿ ನೆಲ ಸಿಗುವ ಕಡೆ, ಹೆಚ್ಚುವರಿ ನೀರು ಹೊರಬೀಳಲು ಕೋಡಿಯನ್ನು ಬಿಡುತ್ತಾರೆ. ಕೆರೆ ಕೋಡಿಬಿದ್ದ ದಿನ ಊರವರು ಬಾಗಿನ ಅರ್ಪಿಸಿ ಹಬ್ಬ ಮಾಡುವುದು ತುಂಬಿತೆಂಬ ಸಂತೋಷಕ್ಕೆ. ಏರಿ ಉಳಿಯಿತೆಂಬ ನೆಮ್ಮದಿಯೂ ಅದರಲ್ಲಿ ಸೇರಿರುವುದೆಂದು ನಮಗೆ ತೋರುತ್ತದೆ. ಇನ್ನು ತೂಬು. ಎರಡು ನೆಟ್ಟಗಲ್ಲುಗಳ ನಡುವೆ ಕೋಲಿಗೆ ಕಟ್ಟಿದ ಬೆಣೆಯನ್ನು ಮೇಲೆತ್ತಿದರೆ ಏರಿಯ ಬುಡದ ಕಾಲುವೆಯಿಂದ ನೀರು ಹೊಲಗಳಿಗೆ ಹೋಗುತ್ತದೆ. ಯಾರ ಹೊಲಕ್ಕೆ ಮೊದಲು, ಎಷ್ಟು ಹೊತ್ತು ಎಂಬುದರ ಮೇಲೆ ಜಗಳಗಳೂ ಆಗುತ್ತವೆ, ನ್ಯಾಯಗಳೂ ತೀರುತ್ತವೆ.

ಆದರೆ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಇಲಿ, ಏಡಿ, ಹೆಗ್ಗಣಗಳು ತೋಡುವ ಒಂದು ಬಿಲ ಸಾಕು ಏರಿಯನ್ನು ಕೆಡವಲು. ಏರಿಯ ಮೇಲೆ ತಾನಾಗಿ ಹುಟ್ಟಿದ ಮರ ನೋಡಲು ಚೆಂದ. ಆದರೆ ಅದು ಸತ್ತ ಮೇಲೆ ಬೇರು ಕೊಳೆತ ಜಾಗದಲ್ಲಿ ನೀರಿಗೆ ದಾರಿಯಾಗುತ್ತದೆ. ಪ್ರತಿ ಮಳೆಯೂ ಗುಡ್ಡದಿಂದ ಹೂಳನ್ನು ತಂದು ಕೆರೆಯ ಹೊಟ್ಟೆಯಲ್ಲಿ ತುಂಬುತ್ತದೆ. ಹೂಳು ತುಂಬಿದ ಕೆರೆಗೆ ಇನ್ನೊಂದು ಆಪತ್ತೂ ಇದೆ: ನೀರು ಆಳವಿಲ್ಲದೆ ಹರಡಿ ನಿಲ್ಲುವುದರಿಂದ ಬಿಸಿಲಿಗೆ ಹೆಚ್ಚು ಆವಿಯಾಗುತ್ತದೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಐದಾರು ಅಡಿ ನೀರನ್ನು ಸೂರ್ಯನೇ ಕುಡಿಯುವುದರಿಂದ ಅಷ್ಟು ಆಳವೂ ಉಳಿಯದ ಕೆರೆ ಇದ್ದೂ ಇಲ್ಲದಂತೆ. ಎಂದರೆ, ಮಣ್ಣಿನ ಏರಿಯು ಒಮ್ಮೆ ಕಟ್ಟಿ ಮರೆಯತಕ್ಕ ವಸ್ತುವಲ್ಲ; ಅದನ್ನು ಪ್ರತಿ ವರ್ಷವೂ ಸ್ವಲ್ಪ ಸ್ವಲ್ಪ ಕಟ್ಟುತ್ತಲೇ ಇರಬೇಕು.

ಹಿಂದಿನವರು ಇದನ್ನು ಅರಿತಿದ್ದರು. ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇವೆಲ್ಲ ಕೆರೆಗಾಗಿ ಬಿಟ್ಟ ಭೂಮಿ ಮತ್ತು ಆದಾಯಗಳ ಹೆಸರುಗಳು. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ದುರಸ್ತಿ ಮಾಡಿಸಿದವನಿಗೆ ಅದರ ಕೆಳಗಿನ ಭೂಮಿಯ ಹತ್ತರಲ್ಲೊಂದು ಪಾಲನ್ನು ಬಿಡುವುದು ದಶವಂದ. ಬೈಬಲಿನ ದಶಮಾಂಶವನ್ನು ಬಲ್ಲ ನಮ್ಮ ಜನರಿಗೆ ಈ ಲೆಕ್ಕ ಅಪರಿಚಿತವೆನಿಸಲಾರದು. ಕೆಲವು ಕಡೆ ವರ್ಷವಿಡೀ ಹೂಳು ಹೊರುವುದಕ್ಕೆಂದೇ ಎತ್ತು ಬಂಡಿಗಳನ್ನು ಸಾಕುವ ವ್ಯವಸ್ಥೆಯಿತ್ತು; ಅದಕ್ಕೆ ಕೆರೆಬಂಡಿಯೆಂದು ಹೆಸರು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಈಗಿನ ಆಂಧ್ರದ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನವಂತೂ ಒಂದು ಪಾಠಪುಸ್ತಕದಂತಿದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು, ಕೆಟ್ಟ ಕೆರೆಗೆ ಆರು ದೋಷಗಳು ಎಂದು ಅದು ಎಣಿಸುತ್ತದೆ. ಒಂದು ಸಾವಿರ ಕೂಲಿಗಳು, ನೂರು ಬಂಡಿಗಳು, ಎರಡು ವರ್ಷ ಎಂದು ಲೆಕ್ಕವನ್ನೂ ಕೊಡುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಆರು ದೋಷಗಳಲ್ಲಿ ಒಂದು! ಕೃಷ್ಣೆಯ ನೀರಿಗಾಗಿ ನ್ಯಾಯಮಂಡಳಿಗಳ ಮುಂದೆ ದಶಕಗಳ ಕಾಲ ವಾದಿಸಿದ ನಮ್ಮ ರಾಜ್ಯದವರು ಆ ಸಾಲನ್ನು ಓದಿ ನಿಟ್ಟುಸಿರಿಡದಿರಲಾರರು.

ಕೆರೆ ಕಟ್ಟುವ ಕೆಲಸದಲ್ಲಿ ನೈಪುಣ್ಯ ಪಡೆದವರು ವಡ್ಡರೆಂದು, ಈಗ ಭೋವಿಗಳೆಂದು ಕರೆಯಲ್ಪಡುವ ಜನ. ಮಣ್ಣಿನ ಕೆಲಸದವರು, ಕಲ್ಲಿನ ಕೆಲಸದವರು ಎಂದು ಅವರಲ್ಲಿಯೇ ಕವಲುಗಳಿದ್ದವು. ಕುಟುಂಬಸಮೇತ ಊರಿಂದೂರಿಗೆ ಹೋಗಿ, ಗಂಡಸರು ಅಗೆದು, ಹೆಂಗಸರು ಹೊತ್ತು, ಕೆಲಸ ಮುಗಿದೊಡನೆ ಗುಡಿಸಲು ಕಿತ್ತು ಮುಂದಿನ ಊರಿಗೆ ಸಾಗುತ್ತಿದ್ದರು. ತಾವು ಕಟ್ಟಿದ ಕೆರೆಯ ಕೆಳಗೆ ಅವರಿಗೆ ಒಂದು ಗುಂಟೆ ಹೊಲವೂ ಇರುತ್ತಿರಲಿಲ್ಲವೆಂಬುದು ಸಾಮಾನ್ಯ ಸಂಗತಿ.

ಇಲ್ಲಿ ಒಂದು ಜನಪದ ಕಥನಗೀತೆಯ ವಿಷಯವನ್ನು ಹೇಳದಿರಲಾಗದು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡಿ ಉಳಿಸಿದ ‘ಕೆರೆಗೆ ಹಾರ’ದ ಭಾಗೀರಥಿಯನ್ನು ಅರಿಯದವರು ನಮ್ಮಲ್ಲಿ ಯಾರೂ ಇರಲಾರರು. ಕಲ್ಲನಕೇರಿಯ ಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಕಿರಿಯ ಸೊಸೆಯನ್ನು ಬಲಿಕೊಟ್ಟರೆ ಬರುವುದೆಂಬ ಮಾತಾಗುತ್ತದೆ, ಆಕೆ ಬಲಿಯಾಗುತ್ತಾಳೆ. ಅದು ನಡೆದ ಸಂಗತಿಯೇ, ಕಲ್ಪನೆಯೇ ಎಂಬ ಚರ್ಚೆ ವಿದ್ವಾಂಸರಿಗಿರಲಿ. ಊರಿನ ನೀರಿಗಾಗಿ ಒಬ್ಬ ಬಡಹೆಣ್ಣು ತೆತ್ತ ಬೆಲೆಯನ್ನು ಹಾಡು ಮರೆಯಲಿಲ್ಲ; ಆಕೆಯ ಹೆಸರನ್ನು ಉಳಿಸಿತು. ಬಲಿಯ ಅರ್ಥವನ್ನು ಪ್ರತಿ ಭಾನುವಾರ ಧ್ಯಾನಿಸುವ ನಮಗೆ ಆ ಹೆಸರು ಉಳಿದುದು ಸಣ್ಣ ವಿಷಯವಲ್ಲ. ಏಕೆಂದರೆ ಮುಂದೆ ಇದೇ ಸೀಮೆಯಲ್ಲಿ ಹೆಸರೇ ಉಳಿಯದ ಸಾವಿರಾರು ಭಾಗೀರಥಿಯರು ಮಣ್ಣು ಹೊರುವ ಕಾಲ ಬಂದಿತು.

ಬಾದಾಮಿಯ ಕೋಟೆಯನ್ನು 1818ರಲ್ಲಿ ಥಾಮಸ್ ಮನ್ರೋ ವಶಪಡಿಸಿಕೊಂಡ ಮೇಲೆ ಈ ಭಾಗ ಇಂಗ್ಲಿಷರ ಆಳಿಕೆಗೆ ಸೇರಿತು. ಆಗಿನ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂದು ಹೆಸರು; ಬಿಜಾಪುರ ಜಿಲ್ಲೆಯೆಂಬ ಹೆಸರು 1880ರ ದಶಕದಲ್ಲಿ ಬಂದುದು. ಧಾತು ಸಂವತ್ಸರದಲ್ಲಿ, ಎಂದರೆ 1876ರಲ್ಲಿ, ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ರೈಲು ಇನ್ನೂ ಈ ಕಡೆ ಬಂದಿರಲಿಲ್ಲ. ಹೊರಗಿನ ಧಾನ್ಯ ಬರಬೇಕಾದರೆ ಎತ್ತಿನ ಬಂಡಿಯಲ್ಲಿ ಬರಬೇಕು. ಮೇವಿಲ್ಲದೆ ಎತ್ತುಗಳೇ ಮೊದಲು ಸತ್ತವು. ಎರಡು ವರ್ಷಗಳ ಆ ಬರದ ಪರಿಣಾಮವನ್ನು ಜನಗಣತಿಯ ಅಂಕಿಗಳಲ್ಲಿ ನೋಡಬೇಕು. 1872ರಲ್ಲಿ ಜಿಲ್ಲೆಯ ಜನಸಂಖ್ಯೆ ಎಂಟು ಲಕ್ಷವನ್ನು ಮೀರಿತ್ತು. 1881ರಲ್ಲಿ ಅದು 6,38,493ಕ್ಕೆ ಇಳಿದಿತ್ತು. ಐವರಲ್ಲಿ ಒಬ್ಬರು ಇಲ್ಲವಾದರು. ಕೆಲವರು ಸತ್ತರು, ಕೆಲವರು ಊರು ಬಿಟ್ಟು ಹೋಗಿ ಮರಳಲಿಲ್ಲ. ಬರ ಮುಗಿದ ಬೆನ್ನಿಗೇ ಇಲಿಗಳ ಹಿಂಡು ಉಳಿದ ಬೆಳೆಗೆ ಬಿದ್ದಿತು.

ಸರಕಾರ ಬರಪರಿಹಾರದ ಕಾಮಗಾರಿಗಳನ್ನು ತೆರೆಯಿತು. ರಸ್ತೆ ಮಾಡುವುದು, ಕೆರೆ ತೋಡುವುದು, ಏರಿ ಎತ್ತರಿಸುವುದು, ಜಲ್ಲಿ ಒಡೆಯುವುದು, ಇವೇ ಆ ಕಾಮಗಾರಿಗಳು. ಕೆಲಸ ಮಾಡಬಲ್ಲವನಿಗೆ ಕೂಲಿ, ಮಾಡಲಾರದವನಿಗೆ ಧರ್ಮದ ಗಂಜಿ ಎಂಬುದು ನಿಯಮ. ಆದರೆ ಆ ಕೂಲಿ ಎಷ್ಟು? ದಿಲ್ಲಿ ದರಬಾರಿನಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಘೋಷಿಸಿದ 1877ರ ಜನವರಿಯಲ್ಲಿಯೇ ಕೇಂದ್ರ ಸರಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ದಿನವೊಂದಕ್ಕೆ ಒಂದು ಪೌಂಡು ಧಾನ್ಯ ಮತ್ತು ಪುಡಿಗಾಸು ಸಾಕೆಂದು ತೀರ್ಮಾನಿಸಿದನು. ಒಂದು ಪೌಂಡೆಂದರೆ ಈಗಿನ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಅಷ್ಟನ್ನು ತಿಂದು ದಿನವಿಡೀ ಮಣ್ಣು ಅಗೆಯಬೇಕು, ಹೊರಬೇಕು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಇದು ಸಾಲದೆಂದು ಮದ್ರಾಸಿನ ಆರೋಗ್ಯ ಕಮಿಶನರ್ ಡಾಕ್ಟರ್ ಕಾರ್ನಿಶ್ ಪ್ರತಿಭಟಿಸಿ ಬರೆದನು. ಮುಂಬಯಿ ಪ್ರಾಂತದಲ್ಲಿ ಕಾಮಗಾರಿಯ ಜನರೇ ಕೆಲಸ ಬಿಟ್ಟು ನಡೆದ ಪ್ರಸಂಗಗಳಾದವು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಮನವಿಗಳನ್ನು ಬರೆಯಿತು. ಹಸಿದವನು ಕೂಲಿ ಸಾಲದೆಂದು ಕೆಲಸ ಬಿಡುವನೆಂದರೆ ಆ ಕೂಲಿ ಎಂತಹದಿರಬೇಕು ಎಂದು ಊಹಿಸುವುದು ಕಷ್ಟವಲ್ಲ. ಅದೇ ಟೆಂಪಲ್ ಅದೇ ವರ್ಷ ಮುಂಬಯಿ ಪ್ರಾಂತದ ಗವರ್ನರನಾದನು.

ಈ ಬರದ ಫಲವಾಗಿ 1880ರಲ್ಲಿ ಕ್ಷಾಮ ಆಯೋಗದ ವರದಿ ಬಂದಿತು, 1883ರಲ್ಲಿ ಕ್ಷಾಮ ಸಂಹಿತೆ ಬಂದಿತು. ಗದಗಿನಿಂದ ಬಾದಾಮಿ, ಬಾಗಲಕೋಟೆ, ಬಿಜಾಪುರಗಳ ಮೂಲಕ ಹೋಟಗಿಗೆ ಹೋಗುವ ರೈಲುಮಾರ್ಗ 1884ರಲ್ಲಿ ತೆರೆಯಿತು. ಬಾಗಲಕೋಟೆಯ ಬಳಿಯ ಮುಚಖಂಡಿಯಲ್ಲಿ ಗುಡ್ಡಗಳ ನಡುವೆ ನೀರಾವರಿ ಕೆರೆಯ ಕಟ್ಟೆ 1882ರಲ್ಲಿ ನಿಂತಿತು. ಅದನ್ನು ಈಗಲೂ ನೋಡಬಹುದು. ಅಣೆಕಟ್ಟಿನ ಮೇಲೆ ನಡೆದಾಡಲು ಸಂಜೆ ಜನ ಹೋಗುತ್ತಾರೆ. ನಮ್ಮ ಧರ್ಮಸಭೆಯ ಇತಿಹಾಸಕ್ಕೂ ಇದೇ ದಶಕ ಮಹತ್ವದ್ದು. ಹದಿಮೂರನೆಯ ಲಿಯೋ ಜಗದ್ಗುರುಗಳು 1886ರಲ್ಲಿ ಭಾರತದ ಧರ್ಮಾಧ್ಯಕ್ಷ ಶ್ರೇಣಿಯನ್ನು ಸ್ಥಾಪಿಸಿದಾಗ ಪುಣೆ ಧರ್ಮಕ್ಷೇತ್ರ ಅಸ್ತಿತ್ವಕ್ಕೆ ಬಂದಿತು. ಇಂದು ನಾವು ಸೇರಿರುವ ಬೆಳಗಾವಿ ಧರ್ಮಕ್ಷೇತ್ರ ರಚಿತವಾದುದು 1953ರಲ್ಲಿ. ರೈಲು ಬಂದ ಮೇಲೆ ಹುಬ್ಬಳ್ಳಿಯಂತಹ ಊರುಗಳಲ್ಲಿ ರೈಲ್ವೆ ನೌಕರರಾಗಿ ಬಂದ ಕಥೋಲಿಕರ ಕುಟುಂಬಗಳು ನೆಲೆಸಿದವು. ಇಳಕಲ್ಲಿನ ಆಚೆಯ ಮುದಗಲ್ಲಿನಲ್ಲಾದರೋ ಆದಿಲಶಾಹಿ ಸುಲ್ತಾನರ ಕಾಲದಲ್ಲಿಯೇ, 16ನೆಯ ಶತಮಾನದಲ್ಲಿ, ಯೇಸುಸಭೆಯ ಗುರುಗಳು ಕಟ್ಟಿದ ದೇವಾಲಯವಿತ್ತು. ಆದುದರಿಂದ ಈ ನೆಲದ ಬರವೂ ಕೆರೆಯೂ ಕ್ರೈಸ್ತರಿಗೆ ಪರರ ಕಥೆಯಾಗಿರಲಿಲ್ಲ.

ಧರ್ಮಸಭೆಯಲ್ಲಿ ಒಂದು ಪದ್ಧತಿಯಿದೆ. ಜ್ಞಾನಸ್ನಾನ, ವಿವಾಹ, ಮರಣ ಇವುಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವುದು. ಮಗು ಒಂದೇ ದಿನ ಬದುಕಿದ್ದರೂ ಅದಕ್ಕೊಂದು ಹೆಸರು, ಒಂದು ಸಾಲು. ಬಡವ ಬಲ್ಲಿದರಿಗೆ ಅಲ್ಲಿ ಅಕ್ಷರದ ಅಳತೆ ಒಂದೇ. ಶತಮಾನೋತ್ಸವ ಬಂದಾಗ ಆ ಪುಸ್ತಕಗಳನ್ನು ತೆರೆದು ನಮ್ಮ ಮುತ್ತಜ್ಜಿಯರ ಹೆಸರುಗಳನ್ನು ಹುಡುಕಿ ಓದುವ ಭಾಗ್ಯ ನಮಗಿದೆ. ಬರದ ಕಾಮಗಾರಿಯಲ್ಲಿಯೂ ಹಾಜರಿ ಪಟ್ಟಿಗಳಿದ್ದವು. ಆದರೆ ಅವು ಕೂಲಿ ಹಂಚಲು ಬರೆದ ಪಟ್ಟಿಗಳು, ಹಂಚಿದ ಮೇಲೆ ಅವುಗಳ ಕೆಲಸ ಮುಗಿಯಿತು. 1884ರಲ್ಲಿ ಜೇಮ್ಸ್ ಕ್ಯಾಂಬೆಲ್ಲನ ಸಂಪಾದಕತ್ವದಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಜೆಟಿಯರಿನ ಬಿಜಾಪುರ ಸಂಪುಟ ನಮ್ಮ ಜಿಲ್ಲೆಯ ವಿಷಯದಲ್ಲಿ ಅಮೂಲ್ಯ ಗ್ರಂಥವೇ ಸರಿ. ಬರದ ಕಾಲದ ಸರಕಾರೀ ವ್ಯವಸ್ಥೆಯನ್ನು ಅದರಲ್ಲಿ ಓದಬಹುದು. ಬುಟ್ಟಿ ಹೊತ್ತ ಒಬ್ಬ ಹೆಣ್ಣುಮಗಳನ್ನು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಪ್ರತಿ ವರ್ಷ ನವೆಂಬರ್ 2ರಂದು ಎಲ್ಲ ಮೃತರ ಸ್ಮರಣೆಯ ಪೂಜೆಯಲ್ಲಿ ನಾವು ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುತ್ತೇವೆ. ಸಮಾಧಿಯೇ ಇಲ್ಲದ ಈ ಜನರಿಗೆ ಏರಿಯೇ ಗುರುತು.

ಮುಂಬಯಿ ಸರಕಾರ 1879ರಲ್ಲಿ ನೀರಾವರಿ ಕಾನೂನನ್ನು ಮಾಡಿತು. ಕೆರೆಗಳ ದುರಸ್ತಿ ಕ್ರಮೇಣ ಇಲಾಖೆಯ ಕೆಲಸವಾಯಿತು. ಇದರಿಂದ ಒಳಿತಾಗಲಿಲ್ಲವೆಂದು ಹೇಳಲಾಗದು. ತಜ್ಞರ ಕಣ್ಣು ಬಿದ್ದ ಏರಿಗಳು ಗಟ್ಟಿಯಾದವು. ಆದರೆ ಊರವರು ಕೈಬಿಟ್ಟರು. ಮೊದಲು ಏರಿಯಲ್ಲಿ ಬಿಲ ಕಂಡ ದನಗಾಹಿ ಹುಡುಗ ಅಂದೇ ಸಂಜೆ ಗೌಡನಿಗೆ ಹೇಳುತ್ತಿದ್ದ, ಮರುದಿನ ನಾಲ್ಕು ಬುಟ್ಟಿ ಮಣ್ಣು ಬೀಳುತ್ತಿತ್ತು. ಆಮೇಲೆ ಬಿಲವನ್ನು ಅರ್ಜಿಯಲ್ಲಿ ಬರೆಯಬೇಕಾಯಿತು. ಅರ್ಜಿ ಮೇಲಿನ ಕಚೇರಿಗೆ ಹೋಗಿ, ಅಂದಾಜು ಪತ್ರಿಕೆಯಾಗಿ, ಮಂಜೂರಾಗಿ ಬರುವವರೆಗೆ ಇಲಿ ಕಾಯುವುದಿಲ್ಲ. ಸ್ವಾತಂತ್ರ್ಯಾನಂತರವೂ ಈ ವಿಷಯದಲ್ಲಿ ಹೆಚ್ಚಿನ ಬದಲಾವಣೆಯಾಗಲಿಲ್ಲವೆಂದು ನಮ್ಮ ಅಭಿಪ್ರಾಯ.

ಅಷ್ಟರಲ್ಲಿ ದೊಡ್ಡ ಅಣೆಕಟ್ಟುಗಳ ಯುಗ ಬಂದಿತು. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದ ನೀರು 1970ರ ದಶಕದಲ್ಲಿ ಕಾಲುವೆಗಳಲ್ಲಿ ಹರಿಯತೊಡಗಿತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದುದು 1964ರಲ್ಲಿ, ಲಾಲ್ ಬಹಾದುರ್ ಶಾಸ್ತ್ರಿಯವರ ಕೈಯಿಂದ. ಅದರ ಹಿನ್ನೀರಿನಲ್ಲಿ ಎಷ್ಟೋ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಭಾಗವೂ ಮುಳುಗಿ, ನವನಗರ ಎದ್ದಿತು. ದೂರದ ನೀರು ಬಂದ ಮೇಲೆ ಹತ್ತಿರದ ಕೆರೆಯನ್ನು ಯಾರು ನೋಡುತ್ತಾರೆ? ಆದರೆ ದೂರದ ನೀರಿಗೂ ಬೆಲೆಯುಂಟು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ ನರಗುಂದ, ನವಲಗುಂದಗಳಲ್ಲಿ ಚಳವಳಿ ಎದ್ದು, 1980ರ ಜುಲೈ 21ರಂದು ಗೋಲೀಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಕರ್ನಾಟಕದ ರೈತ ಚಳವಳಿಯೇ ಆ ದಿನದಿಂದ ಹೊಸ ರೂಪ ತಾಳಿತು. ನೀರಿನ ಹೆಸರಿನಲ್ಲಿ ಬಡವನು ಬೆಲೆ ತೆರುವ ಕಥೆ ಬರದೊಂದಿಗೆ ಮುಗಿದಿರಲಿಲ್ಲ. ಒಂದು ವ್ಯತ್ಯಾಸ ಮಾತ್ರ ಉಂಟು: ನರಗುಂದ, ನವಲಗುಂದಗಳಲ್ಲಿ ಸತ್ತವರ ಹೆಸರುಗಳನ್ನು ಅವರ ಊರವರು ಮರೆಯಲಿಲ್ಲ, ಪ್ರತಿ ವರ್ಷ ಆ ದಿನ ಹುತಾತ್ಮರ ಕಲ್ಲಿನ ಮುಂದೆ ಜನ ಸೇರುತ್ತಾರೆ.

ನಿರ್ಲಕ್ಷಿತ ಕೆರೆಗಳು ಬರದಲ್ಲಿ ಹೇಗೋ ಹಾಗೆ ನೆರೆಯಲ್ಲಿಯೂ ತಮ್ಮ ಬೆಲೆಯನ್ನು ನೆನಪಿಸುತ್ತವೆ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆಯಲ್ಲಿ ಉತ್ತರ ಕರ್ನಾಟಕ ತತ್ತರಿಸಿತು. ಬಾಗಲಕೋಟೆ ಜಿಲ್ಲೆಯ ಮಲಪ್ರಭೆಯ ದಂಡೆಯ ಹಳ್ಳಿಗಳಿಗೆ ಆದ ನಷ್ಟ ಅಪಾರ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳದೊಳಕ್ಕೇ ಮಲಪ್ರಭೆ ಬಂದಳು. ಮೇಲಿನ ಹಳ್ಳಗಳಲ್ಲಿ ಸಣ್ಣ ಕೆರೆಗಳು ಹೂಳಿಲ್ಲದೆ, ಕೋಡಿ ಮುಚ್ಚದೆ ಇದ್ದರೆ ಅಂತಹ ನೆರೆಯನ್ನು ಪೂರ್ತಿಯಾಗಿ ತಡೆಯುತ್ತಿದ್ದವೆಂದು ಹೇಳುವ ಧೈರ್ಯ ನಮಗಿಲ್ಲ. ಸ್ವಲ್ಪ ಹೊತ್ತು ಹಿಡಿದಿಡುತ್ತಿದ್ದವು. ಮನೆಯೊಳಗಿನ ಮುದುಕರನ್ನು ಎತ್ತಿ ತರಲು ಆ ಸ್ವಲ್ಪ ಹೊತ್ತೇ ಬೇಕಾಗಿರುತ್ತದೆ.

ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಮಿಕ್ಕಿ ಕೆರೆಗಳಿವೆಯೆಂಬುದು ಸರಕಾರದ ಲೆಕ್ಕ. 2000ದಲ್ಲಿ ಜಲ ಸಂವರ್ಧನೆ ಯೋಜನಾ ಸಂಘ ಸ್ಥಾಪನೆಯಾಗಿ, ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಕೆರೆಗಳನ್ನು ಮತ್ತೆ ಊರವರ ಸಂಘಗಳ ಕೈಗೆ ಒಪ್ಪಿಸುವ ಪ್ರಯತ್ನ ನಡೆಯಿತು. ಇಲಾಖೆ ತೆಗೆದುಕೊಂಡುದನ್ನು ಊರಿಗೆ ಹಿಂದಿರುಗಿಸಲು ನೂರಿಪ್ಪತ್ತು ವರ್ಷ ಹಿಡಿಯಿತೆನ್ನೋಣ. ಅದು ಕೆಲವು ಕಡೆ ನಡೆಯಿತು, ಕೆಲವು ಕಡೆ ನಾಮಫಲಕದಲ್ಲಿ ಉಳಿಯಿತು. ಉದ್ಯೋಗ ಖಾತ್ರಿಯ ಕಾನೂನು 2005ರಲ್ಲಿ ಬಂದ ಮೇಲೆ ಬೇಸಗೆಯಲ್ಲಿ ಕೆರೆಯ ಹೂಳೆತ್ತುವ ಕೆಲಸಕ್ಕೆ ಹಳ್ಳಿಯ ಹೆಂಗಸರು ಹೋಗತೊಡಗಿದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇರಲೇಬೇಕೆಂದೂ, ಆ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದೆಂದೂ ಕಾನೂನು ವಿಧಿಸಿತು. ಧಾತು ಸಂವತ್ಸರದ ಹೆಣ್ಣುಮಕ್ಕಳಿಗೆ ದೊರೆಯದ ಒಂದು ಸಾಲು ಇವರಿಗೆ ದೊರೆಯಿತು.

ಹೂಳು ನಿರುಪಯುಕ್ತವಾದ ಕೆಸರಲ್ಲ. ಗುಡ್ಡದ ಎಲೆಗೊಬ್ಬರವೂ ಹೊಲಗಳ ಮೇಲ್ಮಣ್ಣೂ ಕೊಳೆತು ಸೇರಿದ ಅದನ್ನು ಮಸಾರಿ ಹೊಲಕ್ಕೆ ಹಾಕಿದರೆ ನಾಲ್ಕಾರು ವರ್ಷ ಬೆಳೆ ಚೆನ್ನಾಗಿ ಬರುತ್ತದೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ಯುಗಾದಿ ಕಳೆದು ಕೆರೆಯ ಹೊಟ್ಟೆ ಬಿರಿಯತೊಡಗಿದಾಗ ಬಂಡಿ ಕಟ್ಟುತ್ತಿದ್ದರು. ಈಗ ಟ್ರ್ಯಾಕ್ಟರು ಬರುತ್ತದೆ. ಪಾಸ್ಕ ಹಬ್ಬದ ಆಸುಪಾಸಿನ ದಿನಗಳಲ್ಲಿ ಈ ಸೀಮೆಯ ಹಳ್ಳಿಗಳ ದಾರಿಯಲ್ಲಿ ಹೋದರೆ, ಕೆರೆಯಂಗಳದಿಂದ ಮೇಲಕ್ಕೆ ಬರುವ ಗಾಲಿಯ ಗುರುತುಗಳನ್ನೂ, ದಾರಿಯುದ್ದಕ್ಕೂ ಉದುರಿದ ಕಪ್ಪು ಹೆಂಟೆಗಳನ್ನೂ ಕಾಣಬಹುದು. ಜ್ಯೇಷ್ಠದಲ್ಲಿ ಮೊದಲ ಮಳೆ ಬೀಳುವುದರೊಳಗೆ ಆ ಹೆಂಟೆಗಳನ್ನು ಒಡೆದು ಹೊಲದಲ್ಲಿ ಹರಡಿ ಮುಗಿಸಿರಬೇಕು.